ಅಕ್ವೇರಿಯಂಗೆ ಮನೆಯಲ್ಲೇ ಮರದ ಹುಡ್: ಒಳಮೈಯಿಂದ ಆರಂಭಿಸೋಣ

ಗೆಳೆಯರೇ, ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ದೊಡ್ಡ ಅಕ್ವೇರಿಯಂ ಎಂದರೆ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ. ಅಂಚಿನವರೆಗೆ ತುಂಬಿದರೆ ಅದು ಸುಮಾರು 255 ಲೀಟರ್ ನೀರು ಹಿಡಿಯುತ್ತದೆ. ಅಂಥ ತೊಟ್ಟಿಯ ಮೇಲೆ ಪೆಟ್ಟಿಗೆಯಾಕಾರದ ಮುಚ್ಚಳದಂತೆ ಕೂರುವ ಮರದ ಹುಡ್ ಒಂದನ್ನು ಮನೆಯಲ್ಲೇ ಹೇಗೆ ಮಾಡಿಕೊಳ್ಳಬಹುದು ಎಂಬುದನ್ನು ಇಂದು ಹೇಳಬೇಕೆಂದಿದ್ದೇನೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹುಡ್‌ಗಳು ನಿಗದಿತ ಅಳತೆಗಳಲ್ಲಿ ಮಾತ್ರ ಬರುತ್ತವೆ. ನಮ್ಮ ತೊಟ್ಟಿಗಳೋ ಹೆಚ್ಚಿನವು ಅಂಗಡಿಯವರು ಕೈಯಾರೆ ಸಿಲಿಕೋನ್ ಹಾಕಿ ಜೋಡಿಸಿದವು. ಒಂದರ ಅಳತೆ ಇನ್ನೊಂದಕ್ಕೆ ಕೂಡಿಬರುವುದಿಲ್ಲ. ಮರದಲ್ಲಾದರೆ ನಮ್ಮ ತೊಟ್ಟಿಗೆ, ನಮ್ಮ ಮೀನಿಗೆ, ನಮ್ಮ ಊರಿನ ಹವೆಗೆ ತಕ್ಕಂತೆ ಕಟ್ಟಿಕೊಳ್ಳಲು ಸಾಧ್ಯ.

ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಹೇಳುವುದೆಲ್ಲ ಅದರಿಂದಲೇ ಹುಟ್ಟುತ್ತದೆ. ಮರಗೆಲಸದಲ್ಲಿ ಆಸಕ್ತಿಯಿರುವ ನಾವೆಲ್ಲರೂ ಹುಡ್ಡನ್ನು ಒಂದು ಪೀಠೋಪಕರಣವೆಂದು ಬಗೆದು ಹೊರಮೈಯ ಚೆಲುವಿನಿಂದ ಆರಂಭಿಸುತ್ತೇವೆ. ಬೀಡಿಂಗ್ ಯಾವುದು, ಪಾಲಿಶ್ ಯಾವುದು, ಮೇಜಿನ ಬಣ್ಣಕ್ಕೆ ಹೊಂದುತ್ತದೆಯೇ ಎಂದು ಯೋಚಿಸುತ್ತೇವೆ. ಹುಡ್ ಹಾಳಾಗುವುದು ಹೊರಗಿನಿಂದಲ್ಲ. ಮೀನು ಬಾಲ ಬಡಿದು ಎರಚುವ ನೀರು ಕೂಡ ಅದರ ದೊಡ್ಡ ಶತ್ರುವಲ್ಲ. ಹಗಲಿರುಳು ಕೆಳಗಿನಿಂದ ಏಳುತ್ತಲೇ ಇರುವ, ಕಣ್ಣಿಗೆ ಕಾಣದ ಆವಿಯೇ ಅದನ್ನು ತಿನ್ನುತ್ತದೆ. ಹೀಗಾಗಿ ಹುಡ್ಡಿನ ವಿನ್ಯಾಸವನ್ನು ಒಳಮೈಯಿಂದ ಆರಂಭಿಸಬೇಕು ಎಂಬುದು ನನ್ನ ವಾದ.

ಆವಿಯ ಪ್ರಮಾಣವನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನೀರಿನ ಮೇಲೆ ಎಂಟು ಇಂಚು ಎತ್ತರದ ಹುಡ್ ಇದೆಯೆಂದುಕೊಳ್ಳಿ. ಅದರೊಳಗಿನ ಗಾಳಿ ಸುಮಾರು 0.11 ಘನ ಮೀಟರ್. 26 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 24 ಗ್ರಾಂನಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅಂದರೆ ಹುಡ್ಡಿನೊಳಗಿನ ಅಷ್ಟೂ ಗಾಳಿ ಹಿಡಿಯುವುದು ಎರಡೂವರೆ ಗ್ರಾಂ ಆಸುಪಾಸಿನ ನೀರನ್ನು, ಅಂದರೆ ಅರ್ಧ ಟೀ ಚಮಚವನ್ನು. ಇತ್ತ ನಾಲ್ಕಡಿ ತೊಟ್ಟಿಯಲ್ಲಿ ನೀರಿನ ಮಟ್ಟ ಕೇವಲ ಎರಡು ಮಿಲಿಮೀಟರ್ ಇಳಿದರೂ ಒಂದು ಲೀಟರಿಗಿಂತ ಹೆಚ್ಚು ನೀರು ಆವಿಯಾಗಿರುತ್ತದೆ. ಅರ್ಧ ಚಮಚದ ಜಾಗಕ್ಕೆ ಒಂದು ಲೀಟರ್ ಬಂದರೆ ಮಿಕ್ಕಿದ್ದು ಎಲ್ಲಿಗೆ ಹೋಗಬೇಕು? ಒಂದೋ ಅದು ಹೊರಗೆ ಹೋಗಬೇಕು, ಇಲ್ಲವೇ ಮರದೊಳಗೆ ಇಳಿಯಬೇಕು, ಇಲ್ಲವೇ ಹನಿಯಾಗಿ ಮತ್ತೆ ತೊಟ್ಟಿಗೆ ಬೀಳಬೇಕು. ಈ ಮೂರು ದಾರಿಗಳಲ್ಲಿ ಮೊದಲನೆಯದನ್ನು ಅಗಲ ಮಾಡುವುದು, ಎರಡನೆಯದನ್ನು ಮುಚ್ಚುವುದು, ಮೂರನೆಯದು ಮೀನಿಗೆ ಅಪಾಯ ತರದಂತೆ ನೋಡಿಕೊಳ್ಳುವುದು, ಇಷ್ಟೇ ನಮ್ಮ ಕೆಲಸ.

ನಿಮ್ಮ ಮುಂದೆ ಮೇಜಿನ ಮೇಲಿಟ್ಟಿರುವ ಈ ಹಳೆಯ ಹುಡ್ಡನ್ನು ಪರಿಚಿತರೊಬ್ಬರ ಮನೆಯಿಂದ ಕೇಳಿ ತಂದಿದ್ದೇನೆ. ಹೊರಗಿನಿಂದ ನೋಡಿದರೆ ತೇಗದ ವಿನಿಯರ್, ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಪಾಲಿಶ್; ಈಗಲೂ ಬೈಠಕ್ಕಿನಲ್ಲಿ ಇಡಬಹುದು. ಇದನ್ನು ಮಗುಚಿ ನೋಡಿ. ಒಳಗೆ ಪಾಲಿಶ್ ಕೈಯನ್ನೇ ಆಡಿಸಿಲ್ಲ. ಮೇಲಿನ ಹಲಗೆಯ ಒಳಮೈಯಲ್ಲಿ ಕಪ್ಪು ಬೂಷ್ಟು ಹಬ್ಬಿದೆ. ಏರ್ ಪಂಪಿನ ನಳಿಗೆಗೆಂದು ಕೊರೆದ ತೂತಿನ ಸುತ್ತ ಪ್ಲೈವುಡ್ಡಿನ ಪದರಗಳು ಬಿಟ್ಟುಕೊಂಡು ಉಗುರಿನಿಂದ ಎಬ್ಬಿಸಬಹುದಾದಷ್ಟು ಸಡಿಲವಾಗಿವೆ. ಮೇಲಿನ ಹಲಗೆಯ ಒಳಮೈಗೆ ಅಳತೆಪಟ್ಟಿಯನ್ನು ಅಡ್ಡಲಾಗಿಟ್ಟರೆ ನಡುಭಾಗ ಉಬ್ಬಿರುವುದೂ ಗೊತ್ತಾಗುತ್ತದೆ. ಹಲಗೆಯ ಒಂದು ಮೈ ತೇವ ಕುಡಿದು ಹಿಗ್ಗಿ, ಇನ್ನೊಂದು ಮೈ ಪಾಲಿಶ್‌ನಡಿ ಒಣಗಿ ಹಾಗೆಯೇ ಉಳಿದರೆ ಹಲಗೆ ಬಾಗಲೇಬೇಕು. ಮಾಡಿದವರು ಹೊರಮೈಗೆ ಪಟ್ಟ ಶ್ರಮದ ಅರ್ಧವನ್ನು ಒಳಮೈಗೆ ಕೊಟ್ಟಿದ್ದರೆ ಇದು ಇನ್ನೂ ಎಷ್ಟೋ ವರ್ಷ ಬಾಳುತ್ತಿತ್ತು. ಅಷ್ಟು ಒಳ್ಳೆಯ ಕೆಲಸ ಹೀಗಾದುದನ್ನು ನೋಡಿದರೆ ನನಗೆ ನೋವಾಗುತ್ತದೆ.

ಮರದ ಆಯ್ಕೆಗೆ ಬರೋಣ. ಮರದಲ್ಲಿರುವ ತೇವಾಂಶ ಸುತ್ತಲಿನ ಗಾಳಿಯನ್ನು ಅನುಸರಿಸುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 65ರಷ್ಟಿದ್ದರೆ ಮರದ ತೇವಾಂಶ ಶೇಕಡಾ 12ರ ಸುತ್ತ ನಿಲ್ಲುತ್ತದೆ; ಆರ್ದ್ರತೆ 90ಕ್ಕೆ ಏರಿದರೆ ಮರದ ತೇವಾಂಶ 20ರ ಹತ್ತಿರ ಹೋಗುತ್ತದೆ. ಮರವನ್ನು ಕೊಳೆಸುವ ಶಿಲೀಂಧ್ರಗಳು ಬೇರೂರಲು ಬೇಕಾದ ಗಡಿ ಹೆಚ್ಚುಕಡಿಮೆ ಅದೇ 20. ಗಾಳಿಯಾಡದ ಹುಡ್ಡಿನೊಳಗೆ ಆರ್ದ್ರತೆ 90ಕ್ಕಿಂತ ಮೇಲೆಯೇ ಇರುತ್ತದೆ. ಮಳೆಗಾಲದ ಮಂಗಳೂರಿನಲ್ಲಿ, ಆಗುಂಬೆಯಲ್ಲಿ ಹೊರಗಿನ ಗಾಳಿಯೂ ಅಷ್ಟೇ ತೇವವಾಗಿರುತ್ತದೆ. ಮಾರ್ಚ್ ತಿಂಗಳ ಬಳ್ಳಾರಿ ಅಥವಾ ರಾಯಚೂರಿನ ಮಧ್ಯಾಹ್ನದಲ್ಲಿ ಹೊರಗೆ ಒಣಗಾಳಿ, ಒಳಗೆ ಹಬೆ. ಒಂದೇ ಹಲಗೆ ಈ ಎರಡರ ನಡುವೆ ನಿಲ್ಲಬೇಕು.

ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಮತ್ತು ಪಾರ್ಟಿಕಲ್ ಬೋರ್ಡ್‌ಗಳನ್ನು ಈ ಕೆಲಸಕ್ಕೆ ಮುಟ್ಟಬೇಡಿ. ಅವು ಒಮ್ಮೆ ತೇವ ಕುಡಿದು ಊದಿದರೆ ಒಣಗಿದ ಮೇಲೂ ಹಳೆಯ ದಪ್ಪಕ್ಕೆ ಮರಳುವುದಿಲ್ಲ. ಪ್ಲೈವುಡ್ ಒಳ್ಳೆಯ ಆಯ್ಕೆ, ಅದರಲ್ಲೂ ಭಾರತೀಯ ಮಾನಕ ಐಎಸ್ 710ರ ಮರೈನ್ ಪ್ಲೈವುಡ್. ಹಾಳೆಯ ಮೇಲೆ ಐಎಸ್‌ಐ ಗುರುತು, ಅದರೊಂದಿಗೆ 710 ಎಂಬ ಸಂಖ್ಯೆ ಮತ್ತು ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಅಚ್ಚಾಗಿದೆಯೇ ಎಂದು ನೋಡಿ ಕೊಳ್ಳಿ. ಅಂಗಡಿಯಲ್ಲಿ ‘ಇದೂ ವಾಟರ್‌ಪ್ರೂಫ್ ಸರ್’ ಎಂದು ತೋರಿಸುವ ಎಲ್ಲ ಹಾಳೆಗಳೂ ಇದಲ್ಲ. ಆದರೆ ಈ ಗುರುತಿನ ಅರ್ಥವನ್ನೂ ಸರಿಯಾಗಿ ತಿಳಿದಿರಬೇಕು. ಮರೈನ್ ಪ್ಲೈವುಡ್ಡನ್ನು 72 ಗಂಟೆಗಳ ಕಾಲ ಕುದಿಸಿ ಪರೀಕ್ಷಿಸುತ್ತಾರೆ ಎಂದು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ, ಅದು ನಿಜವೂ ಹೌದು. ಆ ಪರೀಕ್ಷೆ ಪದರಗಳನ್ನು ಹಿಡಿದಿರುವ ಫೀನಾಲ್ ಫಾರ್ಮಾಲ್ಡಿಹೈಡ್ ಅಂಟಿನದು. ಅಂಟು ಬಿಡುವುದಿಲ್ಲ ಎಂದ ಮಾತ್ರಕ್ಕೆ ಮರದ ನಾರು ನೀರು ಕುಡಿಯುವುದಿಲ್ಲ ಎಂದಾಗುವುದಿಲ್ಲ. ಜೊತೆಗೆ, ಹುಳು ಮತ್ತು ಶಿಲೀಂಧ್ರ ಹಿಡಿಯದಂತೆ ಅದರ ಪದರಗಳಿಗೆ ಸಂರಕ್ಷಕ ರಾಸಾಯನಿಕ ಉಣಿಸಿರುತ್ತಾರೆ. ಇಂಥ ಸಂರಕ್ಷಕಗಳಲ್ಲಿ ತಾಮ್ರ ಇರುವುದು ಸಾಮಾನ್ಯ. ಸೀಗಡಿ, ಬಸವನಹುಳುಗಳಿಗೆ ನೀರಿನಲ್ಲಿ ಕರಗಿದ ತಾಮ್ರ ಅತ್ಯಲ್ಪ ಪ್ರಮಾಣದಲ್ಲೂ ಮಾರಕ. ಒಳಮೈಯನ್ನು ಮುಚ್ಚಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಇದು ಎರಡನೆಯ ಕಾರಣ: ಮರವನ್ನು ನೀರಿನಿಂದ ಕಾಯುವ ಲೇಪವೇ ಮೀನನ್ನು ಮರದಿಂದಲೂ ಕಾಯುತ್ತದೆ.

ಗಟ್ಟಿ ಮರದಲ್ಲೇ ಮಾಡಬೇಕೆಂಬ ಆಸೆಯುಳ್ಳವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಅದು ಸಹಜ. ತೇಗ ಎಲ್ಲಕ್ಕಿಂತ ನಂಬಿಕಸ್ಥ. ಆದರೂ ಒಂದೂವರೆ ಅಡಿ ಅಗಲದ ತೇಗದ ಹಲಗೆಯ ತೇವಾಂಶ ಶೇಕಡಾ 10ರಿಂದ 16ಕ್ಕೆ ಏರಿದರೆ ಅದು ಅಡ್ಡಕ್ಕೆ 5 ಮಿಲಿಮೀಟರ್‌ವರೆಗೆ ಹಿಗ್ಗಬಹುದು. ಉದ್ದಕ್ಕೆ ಏನೂ ಆಗದು ಎಂದೇ ಹೇಳಬೇಕು. ಅಂಥ ಹಲಗೆಯನ್ನು ನಾಲ್ಕೂ ಕಡೆ ಬಿಗಿಯಾಗಿ ಸ್ಕ್ರೂ ಹಾಕಿ ಕೂರಿಸಿದರೆ ಸೀಳುತ್ತದೆ. ನಮ್ಮ ಹಳೆಯ ಮನೆಗಳ ಬಾಗಿಲುಗಳನ್ನು ಗಮನಿಸಿ: ಚೌಕಟ್ಟಿನೊಳಗೆ ಜಾಡು ಕೊರೆದು ನಡುವಿನ ಹಲಗೆಯನ್ನು ಅಂಟಿಲ್ಲದೆ ಸಡಿಲವಾಗಿ ಕೂರಿಸಿರುತ್ತಾರೆ. ಮಳೆಗಾಲದಲ್ಲಿ ಹಲಗೆ ಹಿಗ್ಗಿದರೂ ಬಾಗಿಲಿಗೆ ಏನೂ ಆಗುವುದಿಲ್ಲ. ಗಟ್ಟಿ ಮರದ ಹುಡ್ಡಿಗೆ ಅದೇ ಕ್ರಮ ಸರಿ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟದ ಸಿಲ್ವರ್ ಓಕ್ ಅಗ್ಗವಾಗಿ ಸಿಗುತ್ತದೆ, ನೋಡಲು ಸೊಗಸಾಗಿದೆ, ಆದರೆ ತೇವವನ್ನು ತಡೆಯುವ ಶಕ್ತಿ ಕಡಿಮೆ; ಹೊರ ಅಲಂಕಾರಕ್ಕೆ ಬಳಸಿ. ಹಲಸು ಚೆನ್ನಾಗಿ ಬಾಳುತ್ತದೆ. ಹೊನ್ನೆಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವ ರೂಢಿ ಎಷ್ಟೋ ಮನೆಗಳಲ್ಲಿದೆ. ಆ ನೀರಿನ ಬಣ್ಣ ಬದಲಾಗಿರುವುದನ್ನು ನೀವೂ ನೋಡಿರಬಹುದು. ಹುಡ್ಡಿನ ಒಳಮೈಯಲ್ಲಿ ಕಟ್ಟಿದ ಹನಿ ಅದೇ ಬಣ್ಣವನ್ನು ತೊಟ್ಟಿಗೆ ಇಳಿಸುತ್ತದೆ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರ ಬಳಸುವವರು ಅದರ ಮೇಲಿನ ಮುದ್ರೆ ನೋಡಿ: ಎಚ್‌ಟಿ ಎಂದಿದ್ದರೆ ಬಿಸಿಯಿಂದ ಸಂಸ್ಕರಿಸಿದ್ದು, ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು. ಎರಡನೆಯದನ್ನು ಬಿಟ್ಟುಬಿಡಿ.

ನನ್ನ ಶಿಫಾರಸು 12 ಮಿಲಿಮೀಟರ್ ಮರೈನ್ ಪ್ಲೈವುಡ್. 18 ಮಿಲಿಮೀಟರ್ ಬಳಸಿದರೆ ಹುಡ್ 14 ಕಿಲೋ ದಾಟುತ್ತದೆ, ಅದನ್ನು ಒಬ್ಬರೇ ಎತ್ತಿ ಇಳಿಸುವುದು ಗಾಜಿಗೂ ಬೆನ್ನಿಗೂ ಒಳ್ಳೆಯದಲ್ಲ. 12ರಲ್ಲಿ 10 ಕಿಲೋ ಒಳಗೆ ಮುಗಿಯುತ್ತದೆ.

ಅಳತೆ ತೆಗೆಯುವಾಗ ಅಂಗಡಿಯ ಬಿಲ್ಲಿನಲ್ಲಿ ಬರೆದ ಅಳತೆಯನ್ನು ನಂಬಬೇಡಿ. ತೊಟ್ಟಿಯ ಮೇಲಂಚನ್ನು ಎರಡೂ ತುದಿಗಳಲ್ಲಿ, ನಡುವೆ, ಮತ್ತು ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡು ಕರ್ಣಗಳು ಸಮವಾಗಿಲ್ಲದಿದ್ದರೆ ತೊಟ್ಟಿ ಮೂಲೆಮಟ್ಟಕ್ಕಿಲ್ಲ ಎಂದರ್ಥ. ಹಾಗಿದ್ದರೆ ಅತಿ ದೊಡ್ಡ ಅಳತೆಯನ್ನೇ ಹಿಡಿಯಬೇಕು. ಮೂಲೆಗಳಲ್ಲಿ ಸಿಲಿಕೋನ್ ಉಬ್ಬಿರುತ್ತದೆ, ಅದನ್ನೂ ಸೇರಿಸಿಕೊಳ್ಳಿ. ಅದರ ಮೇಲೆ ಸುತ್ತಲೂ ಬಡಗಿಗಳ ಲೆಕ್ಕದ ಒಂದು ನೂಲು, ಅಂದರೆ ಸುಮಾರು 3 ಮಿಲಿಮೀಟರ್ ಸಂದು ಬಿಡಿ. 1220 ಮಿಲಿಮೀಟರ್ ಉದ್ದ, 457 ಅಗಲದ ತೊಟ್ಟಿಗೆ ಹುಡ್ಡಿನ ಒಳ ಅಳತೆ 1226ಕ್ಕೆ 463 ಆಗುತ್ತದೆ. ಮುಂದಿನ ಹಾಗೂ ಹಿಂದಿನ ಹಲಗೆಗಳು 1250 ಉದ್ದ, ಪಕ್ಕದವು 463, ಎಲ್ಲದರ ಎತ್ತರ 200 (ಹಿಂದಿನದನ್ನು ಎಷ್ಟು ತಗ್ಗಿಸಬೇಕೆಂದು ಮುಂದೆ ಹೇಳುತ್ತೇನೆ). ಮೇಲಿನ ಹಲಗೆ 1250ಕ್ಕೆ 487.

ಇಲ್ಲಿ ಒಂದು ಚಿಕ್ಕ ಸಂಗತಿ ಹಣ ಉಳಿಸುತ್ತದೆ. ಬೇಕಾದ ಮರದ ಒಟ್ಟು ವಿಸ್ತೀರ್ಣ ನೋಡಿ ‘ನಾಲ್ಕಕ್ಕೆ ನಾಲ್ಕಡಿ ತುಂಡು ಸಾಕು’ ಎಂದು ಅಂಗಡಿಯವರು ಅರ್ಧ ಹಾಳೆ ಕತ್ತರಿಸಿ ಕೊಟ್ಟುಬಿಡುತ್ತಾರೆ. ವಿಸ್ತೀರ್ಣದ ಲೆಕ್ಕದಲ್ಲಿ ಅದು ಸರಿ, ಆದರೆ ನಾಲ್ಕಡಿ ಎಂದರೆ 1219 ಮಿಲಿಮೀಟರ್. ನಮಗೆ ಬೇಕಾದ ಉದ್ದ 1250. ಮೂರು ಬೆರಳ ಅಗಲಕ್ಕೂ ಕಡಿಮೆ ಕೊರತೆಯಿಂದ ಇಡೀ ತುಂಡು ನಿಷ್ಪ್ರಯೋಜಕವಾಗುತ್ತದೆ. ಆರಕ್ಕೆ ಮೂರಡಿ ಹಾಳೆಯನ್ನು ಕೇಳಿ. ಅದರಲ್ಲಿ ಮೂರು ಉದ್ದನೆಯ ಹಲಗೆಗಳು ಒಂದರ ಪಕ್ಕ ಒಂದು ಕೂತು, ಉಳಿದ ತುದಿಯಲ್ಲಿ ಪಕ್ಕದ ಎರಡು ಹಲಗೆಗಳು ಸಿಗುತ್ತವೆ. ಗರಗಸ ತಿನ್ನುವ ಅಗಲವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಹುಡ್ ತೊಟ್ಟಿಯ ಮೇಲೆ ನಿಲ್ಲುವುದು ಒಳಗೆ ಸುತ್ತಲೂ ಅಂಟಿಸಿದ ಪಟ್ಟಿಗಳ ಆಧಾರದಲ್ಲಿ. 20 ಮಿಲಿಮೀಟರ್ ಚೌಕದ ತೇಗದ ಪಟ್ಟಿಗಳನ್ನು ಹಲಗೆಗಳ ಕೆಳ ಅಂಚಿನಿಂದ 30 ಮಿಲಿಮೀಟರ್ ಮೇಲೆ ಕೂರಿಸಿದರೆ, ಹುಡ್ ಗಾಜಿನ ಅಂಚಿಗಿಂತ ಅಷ್ಟು ಕೆಳಗೆ ಇಳಿದು ನೀರಿನ ಗೆರೆಯನ್ನು ಮರೆಮಾಡುತ್ತದೆ. ಭಾರ ನಾಲ್ಕೂ ಕಡೆ ಸಮವಾಗಿ ಹಂಚಿಕೆಯಾಗಬೇಕು. ಒಂದು ಸ್ಕ್ರೂ ತಲೆ ಹೊರಚಾಚಿ ಗಾಜಿನ ಒಂದೇ ಬಿಂದುವಿನ ಮೇಲೆ ಕೂತರೆ ಅಂಚು ಚಕ್ಕೆ ಏಳುವ ಅಪಾಯವಿದೆ. ಪಟ್ಟಿಯ ಕೆಳಗೆ ತೆಳ್ಳನೆಯ ರಬ್ಬರ್ ಅಥವಾ ಫೋಮ್ ಅಂಟಿಸಿದರೆ ಈ ಚಿಂತೆ ಇರುವುದಿಲ್ಲ.

ಜೋಡಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಟು ನೀರು ತಡೆಯುವಂಥದ್ದಾಗಿರಲಿ. ಮನೆಯ ಪೀಠೋಪಕರಣಗಳಿಗೆ ಬಳಸುವ ಸಾಮಾನ್ಯ ಬಿಳಿ ಅಂಟು ಸಾಲದು, ಫೆವಿಕಾಲ್ ಮರೈನ್ ಅಥವಾ ಎಪಾಕ್ಸಿ (ಎರಡು ದ್ರವಗಳನ್ನು ಬೆರೆಸಿ ಹಚ್ಚಿದರೆ ಗಟ್ಟಿಯಾಗುವ ರಾಳ) ಬೇಕು. ಸ್ಕ್ರೂಗಳು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವು, ಉಪ್ಪುನೀರಿನ ತೊಟ್ಟಿಯಾದರೆ 316. ಹಿತ್ತಾಳೆಯ ಸ್ಕ್ರೂ, ಹಿಂಜ್‌ಗಳು ಚೆಂದ ಕಾಣುತ್ತವೆ, ಆದರೆ ಹಿತ್ತಾಳೆಯಲ್ಲಿರುವುದೂ ತಾಮ್ರವೇ, ಒಳಗೆ ಬೇಡ. ಒಂದು ಕ್ರಮವನ್ನು ಮಾತ್ರ ತಪ್ಪದೆ ಪಾಲಿಸಿ. ಮೊದಲು ಅಂಟಿಲ್ಲದೆ ಜೋಡಿಸಿ ನೋಡಿ, ಎಲ್ಲ ತೂತುಗಳನ್ನೂ ಕೊರೆದು ಮುಗಿಸಿ, ಬಿಚ್ಚಿ, ಆಮೇಲೆ ಲೇಪ ಹಚ್ಚಿ. ಲೇಪ ಮುಗಿದ ಮೇಲೆ ಕೊರೆಯುವ ಪ್ರತಿಯೊಂದು ತೂತೂ ಆವಿಗೆ ನಾವೇ ತೆರೆದುಕೊಟ್ಟ ಬಾಗಿಲು. ಆ ಹಳೆಯ ಹುಡ್ಡಿನಲ್ಲಿ ಪದರ ಬಿಟ್ಟ ಜಾಗ ಯಾವುದೆಂದು ನೆನಪಿಸಿಕೊಳ್ಳಿ: ನಳಿಗೆಯ ತೂತು.

ಈಗ ಲೇಪ. ಪ್ಲೈವುಡ್ಡಿನ ಅಗಲ ಮೈಗಿಂತ ಕತ್ತರಿಸಿದ ಅಂಚುಗಳು ಬಹಳ ಹೆಚ್ಚು ನೀರು ಕುಡಿಯುತ್ತವೆ, ಏಕೆಂದರೆ ಅಲ್ಲಿ ಮರದ ನಾಳಗಳ ಬಾಯಿಗಳೇ ತೆರೆದಿರುತ್ತವೆ. ಕೆಲಸ ಅಂಚುಗಳಿಂದ ಆರಂಭವಾಗಲಿ. ತೆಳ್ಳನೆಯ ಎಪಾಕ್ಸಿಯನ್ನು ಬ್ರಷ್ಷಿನಿಂದ ಹಚ್ಚಿ. ಮೊದಲ ಸಲ ಅದು ನೋಡುನೋಡುತ್ತಲೇ ಇಂಗಿಹೋಗುತ್ತದೆ. ಒಣಗುವ ಮುನ್ನವೇ ಮತ್ತೊಮ್ಮೆ, ಇಂಗುವುದು ನಿಂತು ಹೊಳಪು ಉಳಿಯುವವರೆಗೆ ಹಚ್ಚುತ್ತಿರಿ. ತೂತುಗಳ ಒಳಗೋಡೆಗೆ ಹತ್ತಿಕಡ್ಡಿಯಿಂದ ಹಚ್ಚಬಹುದು. ಆಮೇಲೆ ಒಳಮೈಗೆ ಎರಡು ಪೂರ್ಣ ಲೇಪ, ನಡುವೆ 220ರ ಉಪ್ಪುಕಾಗದದಲ್ಲಿ ಹಗುರಾಗಿ ಉಜ್ಜುವುದು. ಒಣಗಿದ ಎಪಾಕ್ಸಿಯ ಮೇಲೆ ಕೆಲವೊಮ್ಮೆ ಜಿಡ್ಡಿನಂಥ ಪೊರೆ ಮೂಡುತ್ತದೆ. ಉಜ್ಜುವ ಮುನ್ನ ಅದನ್ನು ನೀರಿನಲ್ಲಿ ತೊಳೆದು ಒರೆಸಬೇಕು, ಇಲ್ಲದಿದ್ದರೆ ಮುಂದಿನ ಲೇಪ ಹಿಡಿಯುವುದಿಲ್ಲ. ಕೊನೆಗೆ ಒಳಗೆ ಬಿಳಿ ಬಣ್ಣ ಹಚ್ಚುವುದನ್ನು ನಾನು ಬಲವಾಗಿ ಸೂಚಿಸುತ್ತೇನೆ. ಬಿಳಿ ಮೈ ಬೆಳಕನ್ನು ಕೆಳಗಿನ ಗಿಡಗಳ ಮೇಲೆ ಹಿಂತಿರುಗಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಲ್ಲಾದರೂ ಬೂಷ್ಟು ಮೊಳೆತರೆ ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ.

ಹೊರಮೈಗೂ ಇಷ್ಟೇ ಪದರಗಳ ಲೇಪ ಬೇಕು, ಇಲ್ಲದಿದ್ದರೆ ಬಾಗುವ ತೊಂದರೆ ತಪ್ಪಿದ್ದಲ್ಲ. ಅಲ್ಲಿ ಪಾರದರ್ಶಕ ಪಿಯು (ಪಾಲಿಯುರೆಥೇನ್) ಪಾಲಿಶ್ ಮಾಡಿ ಮರದ ಎಳೆಗಳನ್ನು ತೋರಿಸಬಹುದು. ಅರಗಿನ ಫ್ರೆಂಚ್ ಪಾಲಿಶ್ ನೋಡಲು ಬಹಳ ಚೆಂದ, ಆದರೆ ತೇವ ತಗುಲಿದರೆ ಬೆಳ್ಳಗಾಗುತ್ತದೆ. ಕರಾವಳಿಯಿಂದ ಬಂದಿರುವ ಒಬ್ಬರು ಆರಂಭದಲ್ಲೇ ಗೇರೆಣ್ಣೆಯ ಬಗ್ಗೆ ಕೇಳಿದರು. ದೋಣಿಗಳಿಗೂ ಬಲೆಗಳಿಗೂ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿ ಕಾಪಾಡಿಕೊಂಡು ಬಂದ ಜಾಣ್ಮೆಯನ್ನು ನಾನು ಗೌರವಿಸುತ್ತೇನೆ, ಮರಕ್ಕೆ ಅದು ನಿಜಕ್ಕೂ ಒಳ್ಳೆಯದು. ಆದರೆ ದೋಣಿಯ ಸುತ್ತ ಸಮುದ್ರವಿದೆ, ನಮ್ಮ ಹುಡ್ಡಿನ ಕೆಳಗಿರುವುದು ಕೆಲವೇ ನೂರು ಲೀಟರ್ ನೀರು. ಕೈಗೆ ತಗುಲಿದರೆ ಚರ್ಮ ಸುಡುವ ಆ ಎಣ್ಣೆಯ ಅಂಶ ಹನಿಯೊಂದಿಗೆ ತೊಟ್ಟಿಗೆ ಇಳಿಯುವುದು ಬೇಡ. ಗೆದ್ದಲು ನಾಶಕ ಸಿಂಪಡಣೆಯನ್ನೂ ಇದೇ ಕಾರಣಕ್ಕೆ ದೂರವಿಡಿ; ಅವುಗಳಲ್ಲಿ ಬಳಕೆಯಾಗುವ ಪೈರೆಥ್ರಾಯ್ಡ್‌ಗಳು ಮೀನಿಗೆ ಅತ್ಯಂತ ವಿಷಕಾರಿ. ಮೂಲೆಗಳ ಸಂದಿಗೆ ಸಿಲಿಕೋನ್ ತುಂಬುವುದಾದರೆ ಅಕ್ವೇರಿಯಂ ಸಿಲಿಕೋನ್ ಮಾತ್ರ. ಬಾತ್‌ರೂಮಿಗೆಂದು ಮಾರುವ ಸಿಲಿಕೋನಿನಲ್ಲಿ ಬೂಷ್ಟು ತಡೆಯುವ ರಾಸಾಯನಿಕ ಬೆರೆಸಿರುತ್ತಾರೆ.

ಲೇಪ ಎಷ್ಟೇ ಚೆನ್ನಾಗಿದ್ದರೂ ಆವಿಗೆ ಹೊರದಾರಿ ಇಲ್ಲದಿದ್ದರೆ ಅದು ಸೋಲುವುದು ಖಚಿತ. ತೇವದ ಗಾಳಿ ಒಣಗಾಳಿಗಿಂತ ಹಗುರ. ಬೆಚ್ಚಗಿದ್ದರೆ ಇನ್ನೂ ಹಗುರ. ಅದು ಮೇಲೇರಿ ಹುಡ್ಡಿನ ಸೂರಿಗೆ ತಾಗಿ ನಿಲ್ಲುತ್ತದೆ. ಹಾಗಾಗಿ ಹೊರದಾರಿ ಅತಿ ಎತ್ತರದಲ್ಲಿರಬೇಕು, ಒಳದಾರಿ ತಗ್ಗಿನಲ್ಲಿರಬೇಕು. ನಾನು ಹಿಂದಿನ ಹಲಗೆಯನ್ನು ಪೂರ್ತಿ ಎತ್ತರಕ್ಕೆ ಹಾಕುವುದಿಲ್ಲ. ಕೆಳಗೆ 90 ಮಿಲಿಮೀಟರ್ ಪಟ್ಟಿ ಮಾತ್ರ ಉಳಿಸಿ, ಅದರ ಮೇಲಿನ 110 ಮಿಲಿಮೀಟರನ್ನು ಉದ್ದಕ್ಕೂ ತೆರೆದು, ನೈಲಾನ್ ಜಾಲರಿ ಬಿಗಿದುಬಿಡುತ್ತೇನೆ. ಪಕ್ಕದ ಹಲಗೆಗಳಲ್ಲಿ ಒಳಪಟ್ಟಿಗಿಂತ ಸ್ವಲ್ಪ ಮೇಲೆ ಎರಡು ಮೂರು ತೂತುಗಳು, ಅವಕ್ಕೂ ಜಾಲರಿ. ಜಾಲರಿ ಮೀನು ಹಾರದಂತೆ ತಡೆಯುವುದಕ್ಕಷ್ಟೇ ಅಲ್ಲ. ದೀಪಕ್ಕೆ ಬರುವ ಹುಳುಗಳ ಆಸೆಗೆ ಹಲ್ಲಿ ಒಳಸೇರಿ ನೀರಿಗೆ ಬೀಳುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ತೊಟ್ಟಿಯನ್ನು ಗೋಡೆಯಿಂದ ಮೂರು ಇಂಚಾದರೂ ದೂರವಿಡಿ, ಇಲ್ಲದಿದ್ದರೆ ಹೊರಬಂದ ಆವಿ ಗೋಡೆಯ ಬಣ್ಣವನ್ನು ಗುಳ್ಳೆ ಎಬ್ಬಿಸುತ್ತದೆ.

ಮೀನಿನ ದೃಷ್ಟಿಯಿಂದಲೂ ಗಾಳಿಯಾಡುವುದು ಅಗತ್ಯ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಅದು 7.6ಕ್ಕೆ ಇಳಿಯುತ್ತದೆ, ಬೆಂಗಳೂರಿನಷ್ಟು ಎತ್ತರದಲ್ಲಿ ಇನ್ನೂ ಕಡಿಮೆ. ಕೇರಳ ಮತ್ತು ದಕ್ಷಿಣ ಕರ್ನಾಟಕದ ಪಶ್ಚಿಮಘಟ್ಟಗಳ ತೊರೆಗಳಿಂದ ಬಂದ, ಅಂಗಡಿಗಳಲ್ಲಿ ‘ಮಿಸ್ ಕೇರಳ’ ಎಂದು ಕರೆಯುವ ಡೆನಿಸನ್ ಬಾರ್ಬ್ ಮೀನನ್ನೇ ತೆಗೆದುಕೊಳ್ಳಿ. ಅದು ತಂಪಾದ, ರಭಸದ, ಆಮ್ಲಜನಕ ತುಂಬಿದ ನೀರಿನದು. ಜೊತೆಗೆ ಒಳ್ಳೆಯ ಹಾರುಗಾರ. ಅದಕ್ಕೆ ಮುಚ್ಚಳವೂ ಬೇಕು, ಗಾಳಿಯೂ ಬೇಕು. ಅಳಿವಿನಂಚಿನಲ್ಲಿರುವ ನಮ್ಮದೇ ನಾಡಿನ ಮೀನನ್ನು ಸಾಕುವವರು ಇಷ್ಟು ಕಾಳಜಿ ವಹಿಸಲೇಬೇಕು. ಇದಕ್ಕೆ ವ್ಯತಿರಿಕ್ತವಾಗಿ ಗೌರಾಮಿ, ಫೈಟರ್ ಮೀನುಗಳು ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತವೆ. ನೀರಿನ ಮೇಲಿನ ಗಾಳಿ ತೀರ ತಣ್ಣಗಿರುವುದು ಅವಕ್ಕೆ ಹಿತವಲ್ಲ. ಅಂಥ ತೊಟ್ಟಿಗೆ ಚಳಿಗಾಲದಲ್ಲಿ ಹಿಂದಿನ ಜಾಲರಿಯ ಸ್ವಲ್ಪ ಭಾಗವನ್ನು ಮುಚ್ಚಬಹುದು.

ಬೇಸಿಗೆಯಲ್ಲಿ ಪಕ್ಕದ ಒಂದು ತೂತಿಗೆ 12 ವೋಲ್ಟಿನ ಕಂಪ್ಯೂಟರ್ ಫ್ಯಾನ್ ಕೂರಿಸಿದರೆ ಅದು ಅಗ್ಗದ ಶೀತಕವಾಗುತ್ತದೆ. ದಿನಕ್ಕೆ ಒಂದು ಲೀಟರ್ ನೀರು ಆವಿಯಾದರೆ ಅದು ಸತತವಾಗಿ 28 ವ್ಯಾಟ್ ಶಾಖವನ್ನು ಹೊತ್ತೊಯ್ಯುತ್ತದೆ. ಫ್ಯಾನ್ ಒಳಗಿನ ಗಾಳಿಯನ್ನು ಹೊರಗೆ ಎಳೆಯಬೇಕೋ, ಹೊರಗಿನದನ್ನು ಒಳಗೆ ಊದಬೇಕೋ ಎಂಬ ಚರ್ಚೆ ಸದಾ ನಡೆಯುತ್ತದೆ. ಒಳಗೆ ಊದುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ: ಒಣಗಾಳಿ ನೇರವಾಗಿ ನೀರಿನ ಮೈಗೆ ತಾಗುತ್ತದೆ, ಮೋಟಾರಿನ ಮೂಲಕ ಹಬೆ ಹಾಯುವುದಿಲ್ಲ. ಇಳಿದ ನೀರನ್ನು ದಿನವೂ ತುಂಬಬೇಕಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರನ್ನೇ ತುಂಬುತ್ತಿದ್ದರೆ ಲವಣಗಳು ತೊಟ್ಟಿಯಲ್ಲಿ ಕೂಡುತ್ತಾ ಹೋಗುತ್ತವೆ, ಅದಕ್ಕೆ ತಕ್ಕಂತೆ ನೀರು ಬದಲಾಯಿಸುವುದು ಅನಿವಾರ್ಯ.

ವಿದ್ಯುತ್ತಿನ ವಿಷಯದಲ್ಲಿ ರಾಜಿ ಸಲ್ಲದು. 230 ವೋಲ್ಟಿನ ಟ್ಯೂಬ್, ಬಲ್ಬ್ ಹೋಲ್ಡರ್‌ಗಳನ್ನು ಹುಡ್ಡಿನೊಳಗೆ ಹಾಕಬೇಡಿ. 12 ಅಥವಾ 24 ವೋಲ್ಟಿನ, ನೀರು ಒಳನುಗ್ಗದ ಐಪಿ 67 ದರ್ಜೆಯ ಎಲ್‌ಇಡಿ ಪಟ್ಟಿಗಳನ್ನು ಅಲ್ಯೂಮಿನಿಯಂ ಚಾನೆಲ್ಲಿಗೆ ಅಂಟಿಸಿ ಸೂರಿಗೆ ತೂಗುಹಾಕಿ, ಅಡಾಪ್ಟರನ್ನು ಹುಡ್ಡಿನ ಹೊರಗೆ, ತೊಟ್ಟಿಯ ಬದಿಯಲ್ಲಿ, ನೀರು ತಾಗದ ಒಣ ಜಾಗದಲ್ಲಿಡಿ. ಗಿಡಗಳಿರುವ ತೊಟ್ಟಿಗೆ 6500 ಕೆಲ್ವಿನ್ ಬಣ್ಣದ ಬೆಳಕು ಹೊಂದುತ್ತದೆ. ವೈರು ಪ್ಲಗ್ಗಿಗೆ ಹೋಗುವ ಮುನ್ನ ಪ್ಲಗ್ಗಿಗಿಂತ ಕೆಳಗೆ ಜೋತು ಬಾಗಿ ಮೇಲೇರಬೇಕು. ವೈರಿನ ಗುಂಟ ಹರಿದು ಬಂದ ನೀರು ಆ ಬಾಗಿನಲ್ಲಿ ತೊಟ್ಟಿಕ್ಕುತ್ತದೆ, ಪ್ಲಗ್ಗನ್ನು ಸೇರುವುದಿಲ್ಲ. ತೊಟ್ಟಿಯ ಸಂಪರ್ಕಕ್ಕೆ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಹೀಟರ್, ಫಿಲ್ಟರ್ ಎಲ್ಲವೂ ನೀರಿನಲ್ಲೇ ಇರುವಾಗ ಕೈ ಹಾಕುವವರು ನಮ್ಮ ಮಕ್ಕಳೂ ಆಗಿರುತ್ತಾರೆ.

ಮೇಲಿನ ಹಲಗೆಯನ್ನು ಎರಡು ಭಾಗ ಮಾಡಿ, ಹಿಂದಿನ ಆರು ಇಂಚನ್ನು ಸ್ಥಿರವಾಗಿಟ್ಟು ಮುಂದಿನದನ್ನು ಸ್ಟೇನ್‌ಲೆಸ್ ಪಿಯಾನೋ ಹಿಂಜ್ ಹಾಕಿ ತೆರೆಯುವಂತೆ ಮಾಡಿದರೆ ಮೇವು ಹಾಕಲು, ಗಾಜು ಒರೆಸಲು ಹುಡ್ಡನ್ನು ಎತ್ತುವ ಅಗತ್ಯವಿಲ್ಲ. ಈ ಹೊಸ ಅಂಚುಗಳಿಗೂ ಎಪಾಕ್ಸಿ ಮರೆಯದಿರಲಿ.

ನೀರಿನ ಮೇಲೆ ಗಾಜಿನ ಮುಚ್ಚಳ ಹಾಕಿ, ಅದರ ಮೇಲೆ ಹುಡ್ ಇಡಬಹುದೇ ಎಂದು ಕೆಲವರು ಕೇಳಿದ್ದೀರಿ. ಇಡಬಹುದು, ಕರಾವಳಿ ಮತ್ತು ಮಲೆನಾಡಿನವರಿಗೆ, ಉಪ್ಪುನೀರಿನ ತೊಟ್ಟಿಯವರಿಗೆ ನಾನೇ ಅದನ್ನು ಸೂಚಿಸುತ್ತೇನೆ. 4 ಮಿಲಿಮೀಟರ್ ಗಾಜನ್ನು ಎರಡು ತುಂಡು ಮಾಡಿ, ಹಿಂದೆ ಎರಡು ಬೆರಳಿನಷ್ಟು ಸಂದು ಬಿಟ್ಟು ಕೂರಿಸಿದರೆ ಮರಕ್ಕೆ ತಗುಲುವ ಆವಿ ಬಹಳ ಮಟ್ಟಿಗೆ ತಗ್ಗುತ್ತದೆ. ಆದರೆ ಗಡಸು ನೀರಿನ ಊರುಗಳಲ್ಲಿ ಗಾಜಿನ ಮೇಲೆ ಬಿಳಿ ಸುಣ್ಣದ ಕಲೆ ಕಟ್ಟಿ ಬೆಳಕು ಕುಂದುತ್ತದೆ, ವಾರಕ್ಕೊಮ್ಮೆ ಒರೆಸಬೇಕು. ಬೇಸಿಗೆಯಲ್ಲಿ ಆವಿಯಿಂದ ಸಿಗುವ ತಂಪೂ ತಪ್ಪುತ್ತದೆ. ಬಯಲುಸೀಮೆಯವರು ಗಾಜಿಲ್ಲದೆ, ಜಾಲರಿಯನ್ನು ಅಗಲವಾಗಿಟ್ಟುಕೊಳ್ಳುವುದು ಉತ್ತಮ.

ಕೆಲಸ ಮುಗಿದ ದಿನವೇ ಹುಡ್ಡನ್ನು ತೊಟ್ಟಿಯ ಮೇಲೆ ಇಡುವ ಆತುರ ಎಲ್ಲರಿಗೂ ಇರುತ್ತದೆ. ಎಪಾಕ್ಸಿ ಕೈಗೆ ಅಂಟದಷ್ಟು ಒಣಗಲು ಒಂದು ದಿನ ಸಾಕು, ಆದರೆ ಪೂರ್ತಿ ಗಟ್ಟಿಯಾಗಲು ನಮ್ಮ ಹವೆಯಲ್ಲಿ ಒಂದು ವಾರ ಬೇಕು; ಬಣ್ಣ ಮತ್ತು ಪಿಯು ಪಾಲಿಶಿನ ದ್ರಾವಕ ಹೊರಹೋಗಲು ಇನ್ನಷ್ಟು ದಿನ. ಮೀನಿಲ್ಲದ ಕೋಣೆಯಲ್ಲಿ, ಒಳಮೈ ಮೇಲೆ ಮಾಡಿ, ಗಾಳಿಗೆ ಬಿಡಿ. ಆಮೇಲೆ ಒಂದು ರಾತ್ರಿ ಬೋರಲು ಹಾಕಿಟ್ಟು, ಬೆಳಿಗ್ಗೆ ಎತ್ತಿದೊಡನೆ ಒಳಗೆ ಮೂಗಿಟ್ಟು ನೋಡಿ. ಸ್ವಲ್ಪವಾದರೂ ಬಣ್ಣದ ವಾಸನೆ ಬಂದರೆ ಇನ್ನೂ ಕಾಯಬೇಕು. ತೊಟ್ಟಿಯ ಮೇಲೆ ಇಟ್ಟ ಮೊದಲ ವಾರ ಪ್ರತಿದಿನ ಬೆಳಿಗ್ಗೆ, ಕೋಣೆ ಅತಿ ತಣ್ಣಗಿರುವ ಹೊತ್ತಿನಲ್ಲಿ, ಮುಚ್ಚಳ ಎತ್ತಿ ಸೂರನ್ನು ನೋಡಿ. ಹನಿಗಳು ಹಿಂಬದಿಯಲ್ಲಿ ಅಲ್ಲೊಂದು ಇಲ್ಲೊಂದು ಇದ್ದರೆ ಸರಿ. ಇಡೀ ಸೂರು ಬೆವರಿದ್ದರೆ ಪಕ್ಕದ ಹಲಗೆಗಳಲ್ಲಿ ಇನ್ನೆರಡು ತೂತು ಕೊರೆದು, ಅವುಗಳ ಒಳಗೋಡೆಗೂ ಎಪಾಕ್ಸಿ ಹಚ್ಚಿ, ಅದು ಪೂರ್ತಿ ಗಟ್ಟಿಯಾದ ಮೇಲೆ ಮತ್ತೆ ತೊಟ್ಟಿಗೇರಿಸಿ.